ಕರೆಯುವ ಹೆಸರು

ತೌಹ್ವೆ ತಣ್ಣಗಾದರೆ ನೀರು ಬಿಟ್ಟುಕೊಳ್ಳುತ್ತದೆ. ಅದಕ್ಕೆಂದೇ ಪುತೇ ಮುವಾರಿನಲ್ಲಿ ಬಸ್ಸು ಹತ್ತುವಾಗ ಖಾಲಿ ಡಬ್ಬಿಯನ್ನಷ್ಟೇ ಚೀಲದಲ್ಲಿಟ್ಟುಕೊಂಡಿದ್ದಳು. ಮಲಕ್ಕಾದಲ್ಲಿ ಇಳಿದವಳು ನೇರ ಮನೆಗೆ ಹೋಗದೆ ನದಿಯಾಚೆಯ ಗಲ್ಲಿಗೆ ಬಂದು, ಪ್ರವಾಸಿಗಳ ನಡುವೆ ನುಸುಳಿ, ಅಂಗಡಿಯೊಂದರ ಮುಂದೆ ನಿಂತಳು. ಅಂಗಡಿಯವನು ಮರದ ಪೀಪಾಯಿಯ ಮುಚ್ಚಳ ಸರಿಸಿ, ಬೆಣ್ಣೆಯಂಥ ಸೋಯಾ ಹೆಪ್ಪು ತೌಹ್ವೆಯನ್ನು ಚಪ್ಪಟೆ ಸೌಟಿನಿಂದ ಪದರಪದರವಾಗಿ ಕೆರೆದು ಡಬ್ಬಿಗೆ ಹಾಕುತ್ತ ಚೀನೀ ಮಾತಿನಲ್ಲಿ ಏನೋ ಕೇಳಿದ.

"ಮಲಯ್‌ನಲ್ಲಿ ಹೇಳಪ್ಪ," ಎಂದಳು ಪುತೇ.

ಅವನು ತಲೆಯೆತ್ತಿ ಅವಳ ಮುಖ ನೋಡಿದ. ಹಣೆಯ ವಿಭೂತಿ ನೋಡಿದ. ಮತ್ತೆ ಮುಖ ನೋಡಿದ.

"ಬೆಲ್ಲದ ಪಾಕ ಮೇಲೇ ಹಾಕ್ಲಾ, ಬೇರೆ ಕೊಡ್ಲಾ ಅಂದೆ ಆಂಟಿ. ಚೀನಾದೋರಾಗಿ ನಮ್ಮ ಮಾತು ಬರಲ್ವಾ?"

"ಬೇರೆ ಕೊಡು."

ಹುಟ್ಟಿದಾಗಿನಿಂದ ಬೆನ್ನು ಹತ್ತಿದ ಪ್ರಶ್ನೆ. ಹರೆಯದಲ್ಲಿ ಅದಕ್ಕೆ ಅವಳ ಬಳಿ ಉದ್ದನೆಯ ಉತ್ತರಗಳಿದ್ದವು. ವಯಸ್ಸಾದ ಹಾಗೆ ಅವು ಗಿಡ್ಡವಾಗುತ್ತ ಬಂದು, ಈಗ ಡಬ್ಬಿಯ ಮುಚ್ಚಳ ಒತ್ತಿ ಹಾಕಿಕೊಂಡು ಸುಮ್ಮನೆ ಹೊರಟುಬಿಡುವುದೇ ಉತ್ತರವಾಗಿತ್ತು.

ಅಂದು ಭೋಗಿ. ಕಂಪುಂಗ್ ಚೆಟ್ಟಿಯ ಮನೆಮನೆಯಲ್ಲೂ ಪರ್ಚು, ಸತ್ತ ಹಿರಿಯರಿಗೆ ಎಲೆ ಹಾಕುವ ದಿನ. ಬಟ್ಟೆಯ ವ್ಯಾಪಾರಕ್ಕೆಂದು ಹಡಗು ಹತ್ತಿ ಬಂದ ತಮಿಳು ಚೆಟ್ಟಿಗಳು ಇಲ್ಲಿಯ ಹೆಣ್ಣುಗಳನ್ನು ಮದುವೆಯಾಗಿ, ತಲೆಮಾರುಗಳು ಉರುಳಿ, ತಮಿಳು ಮರೆತು ಮಲಯ್ ಆಡುತ್ತ, ಮಾರಿಯಮ್ಮನನ್ನು ಮಾತ್ರ ಬಿಡದೆ ಉಳಿದ ಕೇರಿ ಅದು. ಆ ಕೇರಿಯ ಹಳೆಯ ಮರದ ಮನೆಯೊಂದರಲ್ಲಿ ಇವತ್ತು ಪುತೇಯ ಮಾಕ್‌ಗೆ, ಅಂದರೆ ತಾಯಿಗೆ, ಮೊದಲ ಎಲೆ. ಮಾಕ್ ತಾನು ಬದುಕಿದ್ದಾಗ ಪ್ರತಿ ಪರ್ಚುವಿಗೂ ಹೇಳುತ್ತಿದ್ದಳು: "ಸತ್ತ ಮೊದಲ ವರ್ಷ ಜೀವ ಸೀದಾ ಒಳಗೆ ಬರಲ್ಲ. ನಾಚ್ಕೊಂಡು ಬಾಗಿಲಲ್ಲಿ ನಿಂತಿರುತ್ತೆ. ಮಕ್ಕಳೆಲ್ಲ ಬಂದು, ಸತ್ತೋರು ನಿಮ್ಮನ್ನ ಏನಂತ ಕರೀತಿದ್ರೋ ಆ ನಿಮ್ಮ ಹೆಸರು ಹೇಳ್ಕೊಂಡು ಅವರನ್ನ ಕರೀಬೇಕು. ಒಬ್ಬರು ಕರೀಲಿಲ್ಲ ಅಂದ್ರೂ ಎಲೆ ಮುಟ್ಟದೆ ವಾಪಸ್ ಹೋಗಿಬಿಡುತ್ತೆ."

ಹೋಗದಿದ್ದರೆ ಮಾಕ್ ಹಸಿದು ಮರಳುತ್ತಾಳೆ. ಹೋದರೆ ಎಲೆ ಹಾಕಿದ ಕೋಣೆಗೆ ಇಳಿಬಿಡುವ ಪರದೆಯ ಒಳಗೆ ಅಕ್ಕ ಬಿಟ್ಟುಕೊಳ್ಳುತ್ತಾಳೋ ಇಲ್ಲವೋ. ಪರದೆಯೊಳಗೆ ಹೋಗುವವರು ಮನೆಯ ಮಕ್ಕಳು ಮಾತ್ರ. ಮಾಕ್ ತೀರಿಕೊಂಡ ದಿನದಿಂದ ಅಕ್ಕತಂಗಿಯರ ನಡುವೆ ಮಾತಿರಲಿಲ್ಲ.

ಆ ದಿನ ಮಾಕ್‌ಗೆ ಸ್ನಾನ ಮಾಡಿಸಿ ಅಂಗಳದಲ್ಲಿ ಮಲಗಿಸಿದ್ದರು. ಮಕ್ಕಳು ಬಾಯಿಗೆ ಅಕ್ಕಿ ಹಾಕುವ ಹೊತ್ತು. ಕೇರಿಯ ಪೂಜಾರಿಗೆ ಹುಷಾರಿಲ್ಲದೆ ಬೇರೆ ಊರಿನವರು ಬಂದಿದ್ದರು. ಪುತೇ ಅಕ್ಕಿ ಹಿಡಿದು ಮುಂದೆ ಬಂದಾಗ ಅವರು ಕೈ ಅಡ್ಡ ಮಾಡಿ ಕೇಳಿದರು, "ಇವರು ಯಾರು?" ಕೇಳಿದ್ದರಲ್ಲಿ ಕೆಟ್ಟತನವೇನೂ ಇರಲಿಲ್ಲ. ಅವಳ ಮುಖ ನೋಡಿದ ಯಾರಾದರೂ ಕೇಳಬಹುದಾದದ್ದೇ. ತಲೆದೆಸೆಯಲ್ಲಿ ನಿಂತಿದ್ದ ಅಕ್ಕ ಕಣ್ಣೆತ್ತದೆ ಹೇಳಿದಳು: "ಅವಳು ಚೀನಾದವಳು."

ಅಷ್ಟೇ. ಸಾಕುಮಗಳು ಎನ್ನಲಿಲ್ಲ, ತಂಗಿ ಎನ್ನಲಿಲ್ಲ. ಪೂಜಾರಿ ಮೆಲ್ಲಗೆ, "ಹಾಗಾದ್ರೆ ಆ ಕಡೆ ನಿಂತ್ಕೊಳ್ಳಿಮ್ಮ," ಎಂದು ನೋಡಲು ಬಂದವರ ಗುಂಪನ್ನು ತೋರಿಸಿದರು. ಪುತೇ ಆ ಕಡೆ ನಿಂತಳು. ಹೆಣ ಎತ್ತುವ ಮೊದಲೇ ಬಸ್ಸು ಹತ್ತಿದಳು. ಮುವಾರ್ ಬಂದು ಮುಷ್ಟಿ ಬಿಚ್ಚಿದಾಗ ಅಕ್ಕಿಕಾಳುಗಳು ಬೆವರಿಗೆ ಅಂಗೈಗೇ ಅಂಟಿಕೊಂಡಿದ್ದವು.

ಆ ಮಾತು ಆ ಮನೆಯಲ್ಲಿ ಹಿಂದೆಂದೂ ಇರಲಿಲ್ಲ. ಅದೇ ಅವಳಿಗೆ ಗಂಟಲಲ್ಲಿ ಸಿಕ್ಕ ಮುಳ್ಳಾಗಿತ್ತು. ಕೇರಿಯಲ್ಲಿ ಮಕ್ಕಳನ್ನು ಇಟ್ಟ ಹೆಸರಿನಿಂದ ಯಾರೂ ಕರೆಯುವುದಿಲ್ಲ. ಹುಟ್ಟಿದ ಸರದಿಯಿಂದ ಕರೆಯುತ್ತಾರೆ, ಇಲ್ಲವೇ ಮೈಬಣ್ಣದಿಂದ. ಕೊನೆಯವನು ಬುಸು. ಕಪ್ಪಗಿದ್ದರೆ ಇತಾಮ್, ಬೆಳ್ಳಗಿದ್ದರೆ ಪುತೇ. ದೊಡ್ಡವರಾದ ಮೇಲೆ ಅದೇ ಹೆಸರಿಗೆ ದೊಡ್ಡಮ್ಮ, ಚಿಕ್ಕಪ್ಪ ಸೇರಿಕೊಳ್ಳುತ್ತದೆ. ಮಾಕ್‌ಗೆ ಇಬ್ಬರು ಹೆಣ್ಣುಮಕ್ಕಳು, ದೈವಾನೈ ಮತ್ತು ವಳ್ಳಿ. ಆ ಹೆಸರುಗಳು ಗುಡಿಯ ಅರ್ಚನೆಗೆ, ಶಾಲೆಯ ಹಾಜರಿಗೆ. ಮನೆಯಲ್ಲಿ ಹಿರಿಯವಳು ಇತಾಮ್, ಕಿರಿಯವಳು ಪುತೇ. ತಾನು ಬೆಳ್ಳಗಿರುವ ಮಗಳು, ಅಕ್ಕ ಕಪ್ಪಗಿರುವ ಮಗಳು. ಒಂದೇ ಬಳ್ಳಿಯಲ್ಲಿ ಒಂದು ಕಾಯಿ ಬಿಸಿಲಿಗೆ, ಒಂದು ನೆರಳಿಗೆ ಇರುವ ಹಾಗೆ. ಎಷ್ಟೋ ವರ್ಷ ಪುತೇ ಹಾಗೆಯೇ ತಿಳಿದಿದ್ದಳು.

ತಿಳಿವಳಿಕೆ ಕೆಟ್ಟದ್ದು ಶಾಲೆಯಲ್ಲಿ. ಒಂದು ಬೆಳಗ್ಗೆ ಟೀಚರು ತಲೆ ಎಣಿಸಬೇಕೆಂದರು. ಮಲಯ್‌ಗಳು ಕೈ ಎತ್ತಿ. ಚೀನಾದವರು ಎತ್ತಿ. ಇಂಡಿಯಾದವರು ಎತ್ತಿ. ಇತರೆಯವರು ಎತ್ತಿ. ಪುತೇ ಇಂಡಿಯಾದವರ ಜತೆ ಕೈ ಎತ್ತಿದ್ದೇ ತರಗತಿಯಿಡೀ ಗೊಳ್ಳೆಂದಿತು. "ನಿನ್ನ ಕೈ ಚೀನಾದವರ ಜೊತೆ ಮಗು," ಎಂದರು ಟೀಚರು. ಚೀನೀ ಹುಡುಗಿಯರು ಒಪ್ಪಲಿಲ್ಲ. "ಅವಳಿಗೆ ನಮ್ಮ ಮಾತೇ ಬರಲ್ಲ ಟೀಚರ್. ಅವಳು ಕೆಲಿಂಗರ ಮನೆಯವಳು." ಕೆಲಿಂಗ್ ಎನ್ನುವುದು ಇಂಡಿಯಾದ ಮೂಲದವರನ್ನು ಹೀಗಳೆಯುವ ಮಾತು. ಒಂದು ಕಾಲಕ್ಕೆ ಅದು ಬರೀ ಗುರುತಿನ ಮಾತಾಗಿತ್ತಂತೆ. ಯಾವ ಕಾಲವೋ ಏನೋ. ಕೊನೆಗೆ ಟೀಚರು ಅವಳನ್ನು ಎಲ್ಲಿ ಸೇರಿಸಿಕೊಂಡರೋ ಅವಳಿಗೆ ಇಂದಿಗೂ ಗೊತ್ತಿಲ್ಲ. ಸಂಜೆ ಮನೆಗೆ ಬಂದು, ಮೀನು ಹೆಚ್ಚುತ್ತಿದ್ದ ಮಾಕ್‌ನ ಬೆನ್ನಿಗೆ ಒರಗಿ ಕೇಳಿದಳು, "ಮಾಕ್, ನಾನು ಯಾರು?"

"ನೀನಾ? ನೀನು ಪುತೇ," ಎಂದಿದ್ದಳು ಮಾಕ್, ಕತ್ತಿ ನಿಲ್ಲಿಸದೆ.

ಆ ಉತ್ತರವನ್ನು ಅವಳು ಜೀವನವಿಡೀ ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಬಂದಿದ್ದಳು.

ಇನ್ನೊಂದು ನೆನಪು ಈ ತೌಹ್ವೆಯದು. ತಿಂಗಳಿಗೊಮ್ಮೆ ಮಾಕ್ ಒಳ್ಳೆಯ ಕೆಬಾಯ ತೊಟ್ಟು, ಪುತೇಗೆ ಎರಡು ಜಡೆ ಹಾಕಿ, ಅವಳೊಬ್ಬಳನ್ನೇ ಕರೆದುಕೊಂಡು ಸಂತೆಬೀದಿಯ ಕೊನೆಗೆ ಹೋಗುತ್ತಿದ್ದಳು. ಮಳೆಮರದ ಕೆಳಗೆ ಒಬ್ಬ ಚೀನೀ ಹೆಂಗಸು ಅಡ್ಡೆಯ ಎರಡು ಪೀಪಾಯಿ ಇಳಿಸಿಕೊಂಡು ತೌಹ್ವೆ ಮಾರುತ್ತಿದ್ದಳು. ಮೊರದಷ್ಟಗಲದ ಟೋಪಿಯ ನೆರಳಲ್ಲಿ ಅವಳ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಆಚಿಮ್ ಎಂದರೆ ಅವರಲ್ಲಿ ಚಿಕ್ಕಮ್ಮ. ಬೀದಿಯೆಲ್ಲ ಅವಳನ್ನು ಹಾಗೇ ಕರೆಯುತ್ತಿತ್ತು. ಗಿಡ್ಡ ಸ್ಟೂಲಿನ ಮೇಲೆ ಮಾಕ್ ಕೂರುತ್ತಿದ್ದಳು, ಪಕ್ಕದಲ್ಲಿ ಪುತೇ. ಇಬ್ಬರಿಗೂ ಒಂದೊಂದು ಬಟ್ಟಲು. ಪುತೇಯದು ಗಟಗಟನೆ ಮುಗಿಯುತ್ತಿತ್ತು. ಮಾಕ್ ಮಾತ್ರ ಚಮಚದ ತುದಿಯಿಂದ ಒಂದೊಂದೇ ಚೂರು ಬಾಯಿಗಿಡುತ್ತ ಬಹಳ ಹೊತ್ತು ತಿನ್ನುತ್ತಿದ್ದಳು. ಆದರೆ ತೊಟ್ಟು ಬಿಡುತ್ತಿರಲಿಲ್ಲ. ಆ ಹೆಂಗಸಾಗಲಿ ಮಾಕ್ ಆಗಲಿ ಮಾತಾಡುತ್ತಿರಲಿಲ್ಲ. ನಡುನಡುವೆ ಆಚಿಮ್ ಬಗ್ಗಿ ಕೇಳುತ್ತಿದ್ದಳು, "ಅಮೋಯ್, ಇನ್ನೊಂಚೂರು ಪಾಕ?" ಅವಳು ಹೌದೆನ್ನುವ ಮೊದಲೇ ಬಟ್ಟಲಿಗೆ ಪಾಕ ಬೀಳುತ್ತಿತ್ತು.

ಅಮೋಯ್ ಎಂದರೆ ಹುಡುಗಿ, ಅಷ್ಟೇ. ಆದರೆ ಚೀನಾದವರಲ್ಲದವರ ಬಾಯಲ್ಲಿ ಅದು ಬೇರೆಯೇ ಮಾತು. ಪುತೇ ದೊಡ್ಡವಳಾದ ಮೇಲೆ ಸೈಕಲ್ಲಿನ ಪೋಲಿಗಳು ಹಿಂದಿನಿಂದ ಎಸೆಯುತ್ತಿದ್ದದ್ದು ಅದನ್ನೇ. "ಏ ಅಮೋಯ್, ಎಲ್ಲಿಗೆ?" ಉಗುಳಿದ ಹಾಗೆ ಬಂದು ಬೆನ್ನಿಗೆ ಬೀಳುತ್ತಿತ್ತು. ಅವಳು ಆ ಮಾತಿಗೆ ಎಷ್ಟು ಹೇಸುತ್ತಿದ್ದಳೆಂದರೆ ತನ್ನ ನಾಲಿಗೆಯ ಮೇಲೆ ಒಮ್ಮೆಯೂ ಬರಗೊಟ್ಟಿರಲಿಲ್ಲ.

ಒಂದು ತಿಂಗಳು ಆಚಿಮ್ ಮರದ ಕೆಳಗೆ ಇರಲಿಲ್ಲ. ಮುಂದಿನ ತಿಂಗಳೂ ಇರಲಿಲ್ಲ. ಮಾಕ್ ಸ್ವಲ್ಪ ಹೊತ್ತು ಅಲ್ಲೇ ನಿಂತು, ಪುತೇಯ ಕೈ ಬಿಗಿಯಾಗಿ ಹಿಡಿದು ಮನೆಗೆ ಬಂದಳು. ಆ ಹೆಂಗಸು ಯಾರೆಂದು ಯಾರೂ ಹೇಳಲಿಲ್ಲ. ಪುತೇ ಕೇಳಲೂ ಇಲ್ಲ. ಯಾವಾಗ ಗೊತ್ತಾಯಿತೆಂದರೆ ಹೇಳಲಾರಳು. ಕತ್ತಲೆಯಲ್ಲಿ ಕೂತಿದ್ದ ಹಾಗೆ ಕಣ್ಣಿಗೆ ಕೋಣೆ ಕಾಣತೊಡಗುತ್ತದಲ್ಲ, ಹಾಗೆ.

ಮನೆಯ ಜಗಲಿಯಲ್ಲಿ ಪಾ ಬುಸು ಮಾವಿನೆಲೆಯ ತೋರಣ ಕಟ್ಟುತ್ತ ಕೂತಿದ್ದ. ಮಾಕ್‌ನ ಕೊನೆಯ ತಮ್ಮ. ಹಲ್ಲೆಲ್ಲ ಉದುರಿದ್ದರೂ ನಾಲಿಗೆ ಮಾತ್ರ ಹಾಗೇ ಇತ್ತು. ಫೋನು ಮಾಡಿ ಬಾ ಎಂದವನು ಅವನೇ.

"ಬಂದಳಪ್ಪಾ ಮುವಾರಿನ ರಾಣಿ. ಏನೇ ಪುತೇ, ಇಷ್ಟು ದಪ್ಪ ಆಗಿದ್ದೀಯ?"

"ನೀವು ಒಣಗಿದ್ದೀರಲ್ಲ ಪಾ ಬುಸು, ಅಲ್ಲಿಗಲ್ಲಿಗೆ ಸರಿಹೋಯ್ತು."

"ಒಣಗಿದ ಮೀನಿಗೇ ಕಣೇ ಬೆಲೆ ಜಾಸ್ತಿ." ನಕ್ಕು, ಒಳಗಡೆ ಕಣ್ಣು ಹಾಯಿಸಿ ದನಿ ತಗ್ಗಿಸಿದ. "ಕೋಳಿ ಕೂಗೋ ಮುಂಚೆ ಒಲೆ ಹಚ್ಚಿದ್ದಾಳೆ. ಯಾರನ್ನೂ ಒಳಗೆ ಬಿಟ್ಟಿಲ್ಲ. ಒಂದು ಲೋಟ ಕಾಫಿ ಕೇಳಿದ್ದಕ್ಕೆ, ಸತ್ತೋರಿಗೆ ಆದ್ಮೇಲೆ ಸಾಯೋರಿಗೆ ಅಂದ್ಲು."

ಪುತೇಗೆ ನಗು ಬಂತು. "ನಾನು ಬರೋದು ಹೇಳಿದ್ರಾ?"

"ಹೇಳ್ದೆ."

"ಏನಂದ್ಲು?"

"ಏನೂ ಅನ್ನಲಿಲ್ಲ. ಇನ್ನೊಂದು ತೆಂಗಿನಕಾಯಿ ಒಡೆದ್ಲು."

ಅಡುಗೆಮನೆಯಲ್ಲಿ ಇತಾಮ್ ಒರಳಿನ ಮುಂದೆ ಕೂತಿದ್ದಳು. ಹಳೆಯ ಸರೋಂಗು, ಬೆನ್ನಿಗೆ ಅಂಟಿದ ರವಿಕೆ, ನೆರೆತು ತೆಳ್ಳಗಾದ ತುರುಬು. ಮದುವೆಯಾಗದೆ ಈ ಮನೆಯಲ್ಲೇ ಉಳಿದು, ಬಾಪಾನನ್ನೂ ಮಾಕ್‌ನನ್ನೂ ಕೊನೆಯವರೆಗೆ ನೋಡಿಕೊಂಡ ಬೆನ್ನು ಅದು. ಹುರಿದ ಬೆಲಚಾನ್‌ನ, ಹುದುಗಿಸಿ ಒಣಗಿಸಿದ ಸೀಗಡಿಯ, ಘಾಟು ಮೂಗಿಗೆ ಹೊಡೆಯಿತು.

"ಕಾಕ್," ಎಂದಳು ಪುತೇ. ಅಕ್ಕ ಎಂಬುದಕ್ಕೆ ಅವರಲ್ಲಿ ಅದೇ ಮಾತು.

ಅರೆಯುವ ಕೈ ಒಂದು ಸುತ್ತು ತಪ್ಪಿ ಮತ್ತೆ ತಿರುಗಿತು. "ಚಪ್ಪಲಿ ಹೊರಗೆ ಬಿಟ್ಯಾ?"

"ಬಿಟ್ಟೆ."

"ಕೈಕಾಲು ತೊಳ್ಕೊ. ಎಲೆ ಒರೆಸು."

ಪುತೇ ಕಟ್ಟು ಬಿಚ್ಚಿ ಬಾಳೆಲೆಗಳನ್ನು ಒದ್ದೆ ಬಟ್ಟೆಯಿಂದ ಒರೆಸತೊಡಗಿದಳು. ಅಜ್ಜನದು, ಅಜ್ಜಿಯದು, ಬಾಪಾನದು. ಪ್ರತಿಯೊಬ್ಬರಿಗೂ ಅವರವರು ಇಷ್ಟಪಟ್ಟದ್ದೇ ಬೀಳಬೇಕು. ಅಜ್ಜಿಗೆ ಹುಣಿಸೆ ಹಾಕಿದ ಮೀನಿನ ಸಾರು, ಬಾಪಾನಿಗೆ ಸಕ್ಕರೆಯಿಲ್ಲದ ಕಪ್ಪು ಕಾಫಿ ಮತ್ತು ಸಿಗರೇಟು. ಎಲೆ ತಪ್ಪಿದರೂ ಹಿರಿಯರು ಕ್ಷಮಿಸುತ್ತಾರೆ, ರುಚಿ ತಪ್ಪಿದರೆ ಕ್ಷಮಿಸುವುದಿಲ್ಲ ಎನ್ನುತ್ತಿದ್ದಳು ಮಾಕ್. ಒರಳಿನ ಗರಗರ ಬಿಟ್ಟರೆ ಬೇರೆ ಸದ್ದಿಲ್ಲ. ಹಿಂದೆ ಈ ಅಡುಗೆಮನೆಯಲ್ಲಿ ಮೂವರೂ ಒಟ್ಟಿಗೆ ಮಾತಾಡಿ, ಒಬ್ಬರದೂ ಒಬ್ಬರಿಗೆ ಕೇಳಿಸದೆ, ಆ ಗಲಾಟೆಗೆ ಬಾಪಾ ಜಗಲಿಯಿಂದ "ಸಂತೆ ಎತ್ತಿದ ಮೇಲೆ ಹೇಳ್ರಪ್ಪಾ" ಎಂದು ಕೂಗುತ್ತಿದ್ದದ್ದು ಪುತೇಗೆ ನೆನಪಾಯಿತು.

ಇತಾಮ್‌ನ ಕಣ್ಣು ಡಬ್ಬಿಯ ಮೇಲೆ ಬಿತ್ತು. "ಅದೇನು?"

"ತೌಹ್ವೆ. ಮಾಕ್‌ನ ಎಲೆಗೆ."

"ಕೊಂಡ ಪದಾರ್ಥ ಎಲೆಗೆ ಹಾಕಲ್ಲ."

"ಬಾಪಾನ ಸಿಗರೇಟು ಮನೇಲಿ ಸುತ್ತಿದ್ಯಾ?"

ಜಗಲಿಯಲ್ಲಿ ಪಾ ಬುಸು ಕೆಮ್ಮಿದ ಸದ್ದಾಯಿತು. ಅದು ಕೆಮ್ಮಾಗಿರಲಿಲ್ಲ.

"ಅದು ಬೇರೆ," ಎಂದಳು ಇತಾಮ್.

"ಏನು ಬೇರೆ ಕಾಕ್? ಮಾಕ್‌ಗೆ ಎಷ್ಟು ಇಷ್ಟ ಇದು. ತಿಂಗಳು ತಿಂಗಳೂ ಹೋಗ್ತಿದ್ವಿ. ಬಟ್ಟಲು ನೆಕ್ಕಿದ ಹಾಗೆ ಖಾಲಿ ಮಾಡ್ತಿದ್ಲು. ಅದೊಂದು ಇಲ್ಲದೆ ಹೇಗೆ—"

"ಮಾಕ್‌ಗೆ ತೌಹ್ವೆ ಆಗ್ತಾನೇ ಇರಲಿಲ್ಲ."

ಪುತೇ ಒರೆಸುತ್ತಿದ್ದ ಎಲೆಯನ್ನು ಹಿಡಿದುಕೊಂಡೇ ನೋಡಿದಳು.

ಇತಾಮ್ ಅಂಗೈಗೆ ಹತ್ತಿದ ಮೆಣಸನ್ನು ಒರಳಿನ ಅಂಚಿಗೆ ಒರೆಸಿದಳು. "ಆ ಸೋಯಾ ವಾಸನೆ ಬಂದರೇನೇ ಅವಳಿಗೆ ಹೊಟ್ಟೆ ತೊಳೆಸೋದು. ಅಲ್ಲಿಂದ ಬಂದ ಕೂಡ್ಲೇ ನಿನ್ನನ್ನ ಆಟಕ್ಕೆ ಕಳಿಸಿ, ಬಾವಿ ಹಿಂದೆ ಹೋಗಿ ಎಲ್ಲಾ ಕಕ್ಕೋಳು. ಹಣೆ ಹಿಡೀತಿದ್ದವಳು ನಾನು. ಶುಂಠಿ ನೀರು ಕಾಯಿಸಿ ಇಟ್ಕೊಂಡು ಕಾಯ್ತಿದ್ದೆ. ಪುತೇಗೆ ಹೇಳ್ಬೇಡ ಅಂತಿದ್ಲು."

"ಮತ್ಯಾಕೆ ತಿಂತಿದ್ಲು?"

"ಕೂತಿರ್ಬೇಕಲ್ಲ! ತಿನ್ನದೆ ಅಂಗಡಿ ಮುಂದೆ ಎಷ್ಟು ಹೊತ್ತು ಕೂರೋಕಾಗುತ್ತೆ? ನೀನು ಬಕಾಸುರನ ಥರ ಎರಡೇ ತುತ್ತಿಗೆ ಮುಗಿಸ್ತಿದ್ದೆ." ಇತಾಮ್ ಒರಳಿನೊಳಗೇ ನೋಡುತ್ತ ಹೇಳಿದಳು, "ಆ ಹೆಂಗಸು ಒಂದಿಷ್ಟು ಹೊತ್ತು ನಿನ್ನನ್ನ ಕಣ್ತುಂಬ ನೋಡ್ಲಿ ಅಂತ ಮಾಕ್ ನಿಧಾನಕ್ಕೆ ತಿಂತಿದ್ಲು."

ಆ ಹೆಂಗಸು. ಆ ಮನೆಯಲ್ಲಿ ಅವಳ ಸುದ್ದಿ ಗಾಳಿಗೆ ಬಂದದ್ದು ಅದೇ ಮೊದಲು. ಪುತೇ ಡಬ್ಬಿಯನ್ನು ಮುಟ್ಟಿ ನೋಡಿದಳು. ಇನ್ನೂ ಬೆಚ್ಚಗಿತ್ತು. ಇಷ್ಟು ವರ್ಷ ತಾಯಿಯ ಇಷ್ಟವೆಂದು ತಾನು ಎದೆಯಲ್ಲಿಟ್ಟುಕೊಂಡದ್ದು ಅವಳ ವಾಂತಿ. ಅದನ್ನೇ ಇವತ್ತು ಎಲೆಗೆ ಹಾಕಲು ಹೊತ್ತು ತಂದಿದ್ದಳು.

"ಇಷ್ಟೆಲ್ಲ ಗೊತ್ತಿದ್ದವಳು," ಎಂದಳು ಪುತೇ, "ಅವತ್ತು ಆ ಮಾತು ಯಾಕೆ ಅಂದೆ?"

"ಯಾವ ಮಾತು?"

"ನಿಂಗೊತ್ತು."

"ಸುಳ್ಳು ಹೇಳಿದ್ನಾ?"

"ನಿಜಾನೇ ಇರಲಿ. ಊರೆಲ್ಲ ಅಂತು ಕಾಕ್. ಶಾಲೇಲಿ ಅಂದ್ರು, ಬಸ್ಸಲ್ಲಿ ಅಂದ್ರು, ಇವತ್ತು ಬೆಳಗ್ಗೆ ಒಬ್ಬ ಅಂದ. ಈ ಹೊಸಿಲೊಳಗೆ ಒಂದು ದಿನಾನೂ ಆ ಮಾತಿರಲಿಲ್ಲ. ನೀನು ಇತಾಮ್, ನಾನು ಪುತೇ. ಅಷ್ಟೇ ಇದ್ದದ್ದು. ಎಷ್ಟು ಚೆನ್ನಾಗಿತ್ತು."

"ಚೆನ್ನಾಗಿತ್ತಾ?" ಇತಾಮ್ ಈಗ ತಿರುಗಿ ಕೂತಳು. ನಗುತ್ತಿದ್ದಳು, ಆದರೆ ನಗು ಕಣ್ಣಿನವರೆಗೆ ಹೋಗಲಿಲ್ಲ. "ನಿನಗೆ ಚೆನ್ನಾಗೇ ಇತ್ತು ಕಣೇ. ನಿನ್ನನ್ನ ಕರೆದಾಗೆಲ್ಲ ಹೊಗಳಿದ ಹಾಗೆ. ನನ್ನನ್ನ? ಇತಾಮ್ ಬಾ. ಇತಾಮ್ ನೀರು ಸೇದು. ಇತಾಮ್, ನಿನ್ನ ನೋಡೋಕೆ ಬಂದಿದ್ದಾರೆ, ಮುಖಕ್ಕೊಂಚೂರು ಪೌಡರ್ ಹಚ್ಕೊ. ಕಪ್ಪಿ, ಕಪ್ಪಿ, ಕಪ್ಪಿ. ಇಷ್ಟು ವರ್ಷ ಎಷ್ಟು ಸಲ ಕೇಳಿದೀನಿ, ಹೇಳು. ಅದೂ ಅಮ್ಮನ ಬಾಯಲ್ಲಿ, ಪ್ರೀತಿಯಿಂದ. ಬೈದಿದ್ರೆ ತಿರುಗಿ ಬೈಬಹುದಿತ್ತು."

ಪುತೇ ಬಾಯಿ ತೆರೆದಳು. ಇತಾಮ್ ಮೆಣಸಿನ ಕೈ ಎತ್ತಿ ತಡೆದಳು.

"ನೀನು ನಾನ್ಯಾರು ಅಂತ ಮಾಕ್‌ನ ಕೇಳಿದ್ಯಲ್ಲ, ನಾನು ಅಲ್ಲೇ ಬಾಗಿಲ ಹತ್ರ ಇದ್ದೆ. ತಮಿಳು ಬರಲ್ಲ ಅಂತ ನನ್ನನ್ನೂ ಶಾಲೇಲಿ ಆಡ್ಕೊಂಡಿದ್ರು. ನೀನು ಹೋದ್ಮೇಲೆ ನಾನೂ ಕೇಳ್ದೆ. ನೀನು ಇತಾಮ್ ಅಂದ್ಲು. ಅದಕ್ಕೆ ನಾನೇನು ಖುಷಿಪಡ್ಬೇಕಿತ್ತು?" ಅವಳು ಉಸಿರು ಬಿಟ್ಟಳು. "ನಿನ್ನ ಗಂಡನ ಮನೆಯೋರು ಮೊದಲ ಸಲ ಈ ಜಗಲಿ ಹತ್ತಿದ್ದು ಯಾರನ್ನ ನೋಡೋಕೆ ಅಂತ ನಿಂಗೂ ಗೊತ್ತು."

ಗೊತ್ತಿತ್ತು. ಚಹಾದ ತಟ್ಟೆ ಹಿಡಿದು ಹೊರಗೆ ಬಂದವಳು ಇತಾಮ್. ಹಿಂದಿನಿಂದ ಬಾಳೆಹಣ್ಣು ತಂದವಳು ಪುತೇ. ಮರುವಾರ ಅವರು ಹೇಳಿ ಕಳಿಸಿದ್ದು ಬಾಳೆಹಣ್ಣು ತಂದವಳನ್ನು ಕೊಡಿ ಎಂದು. ಆ ಸಂಗತಿಯ ಮೇಲೆ ಇಡೀ ಮನೆ ಒಂದು ಚಾಪೆ ಹಾಸಿ, ಅದರ ಮೇಲೆ ಕೂತು ಮದುವೆಯೂಟ ಮಾಡಿತ್ತು. ಗಂಡ ಸತ್ತು ಎಷ್ಟೋ ಕಾಲವಾಗಿತ್ತು. ಚಾಪೆಯನ್ನು ಯಾರೂ ಎತ್ತಿರಲಿಲ್ಲ.

"ಮಾಕ್‌ನ ತಲೆದೆಸೆಯಲ್ಲಿ ನಿಂತಿದ್ದೆ," ಎಂದಳು ಇತಾಮ್. "ಒಂದು ಸಲ, ಒಂದೇ ಒಂದು ಸಲ, ನಾನೊಬ್ಬಳೇ ಮಗಳು ಅನ್ನಿಸಿಕೊಳ್ಳಬೇಕು ಅನ್ನಿಸ್ತು. ಪೂಜಾರಿ ಕೇಳಿದ್ರು. ಬಾಯಿಗೆ ಆ ಮಾತು ಬಂತು. ಬಂದ್ಮೇಲೆ ನುಂಗೋಕಾಗುತ್ತಾ?"

ಒಲೆಯ ಕಡೆಯಿಂದ ಸೀದ ವಾಸನೆ ಎದ್ದಿತು.

"ಕಾಕ್, ಅನ್ನ ಹೊತ್ತುತ್ತಿದೆ."

"ಹೊತ್ತಲಿ ಬಿಡು. ನಾನೇ ಉರಿ ಜಾಸ್ತಿ ಮಾಡಿದ್ದು. ಮಾಕ್‌ಗೆ ನಿಜವಾಗಿ ಇಷ್ಟ ಏನು ಗೊತ್ತಾ? ತಳ ಹಿಡಿದ ಅನ್ನದ ಚಕ್ಕೆ, ಅದಕ್ಕೆ ಉಪ್ಪು, ಹಸಿ ಕಾಯಿತುರಿ. ನಮಗೆಲ್ಲ ಬಡಿಸಿ ಆದ್ಮೇಲೆ ಒಬ್ಬಳೇ ಕೆರೆದು ತಿನ್ನೋಳು. ಮಿಕ್ಕಿದ್ದು ಅದೇ ಅಂತ ನೀನು ತಿಳ್ಕೊಂಡಿದ್ದೆ. ಅವಳಿಗೆ ಬೇಕಾದ್ದೇ ಅದು."

ಪುತೇ ಎದ್ದು ಪಾತ್ರೆ ಇಳಿಸಿದಳು. ಬೆನ್ನು ತಿರುಗಿಸಿಕೊಂಡೇ ಒಮ್ಮೆ ಹೇಳಿ ನೋಡಿದಳು: "ದೈವಾನೈ."

"ಯಾರು?"

"ನೀನೇ. ಇನ್ಮೇಲೆ ಹಾಗೇ ಕರೀತೀನಿ."

ಇತಾಮ್ ಯೋಚಿಸಿದಳು. ನಿಜವಾಗಿಯೂ ಯೋಚಿಸಿದಳು. "ಬೇಡ ಮಾರಾಯ್ತಿ. ಅರ್ಚನೆ ಮಾಡಿಸಿದ ಹಾಗಿದೆ." ಮತ್ತೆ ಒರಳಿಗೆ ತಿರುಗಿ, "ಇನ್ನೊಂದು ಎಲೆ ಒರೆಸು," ಎಂದಳು.

"ಎಲ್ಲರದೂ ಆಯ್ತಲ್ಲ. ಯಾರಿಗೆ?"

"ಒರೆಸು ಅಂದ್ರೆ ಒರೆಸು."

ಸಂಜೆಯಾಯಿತು. ನಡುಮನೆಯಲ್ಲಿ ಚಾಪೆ ಹಾಸಿ, ಹಿರಿತನದ ಸಾಲಿನಲ್ಲಿ ಎಲೆ ಹಾಕಿ, ತೆಂಗಿನಹಾಲಿನ ಅನ್ನ, ಸಾರು, ಪಲ್ಯ, ಹಣ್ಣು ಬಡಿಸಿ ಬಾಗಿಲಿಗೆ ಬಿಳಿಯ ಪರದೆ ಇಳಿಬಿಟ್ಟರು. ನೆರೆಯವರು, ದಾಯಾದಿಗಳ ಸೊಸೆಯಂದಿರು ಜಗಲಿಯಲ್ಲೇ ಕೂತರು. ಪಾ ಬುಸು ಮತ್ತು ಇತಾಮ್ ಸಾಂಬ್ರಾಣಿಯ ಧೂಪ ಹಿಡಿದು ಒಳಗೆ ಹೋದರು. ಪುತೇಯನ್ನು ಯಾರೂ ಕರೆಯಲಿಲ್ಲ, ತಡೆಯಲೂ ಇಲ್ಲ. ಅವಳು ಹೊಸಿಲಿನವರೆಗೆ ಬಂದು ಪರದೆಯ ಇತ್ತ ನಿಂತಳು. ಕಾಲು ಮುಂದೆ ಬರಲಿಲ್ಲ. ಅಂಗಳದಲ್ಲಿ ಅಡ್ಡ ಬಂದ ಕೈ ಇನ್ನೂ ಅಲ್ಲಿಯೇ ಇದ್ದ ಹಾಗಿತ್ತು.

ಒಳಗಿನಿಂದ ಪಾ ಬುಸುವಿನ ದನಿ ಕೇಳಿತು. ಅಪ್ಪ ಅಮ್ಮನನ್ನು ಕರೆದ, ಭಾವನನ್ನು ಕರೆದ. ಆಮೇಲೆ, "ಕಾಕ್, ನಿನ್ನ ಬುಸು. ಬಾ, ಬಿಸಿ ಇದೆ," ಎಂದ.

ಈಗ ಇತಾಮ್‌ನ ಸರದಿ. ಮೆಲ್ಲಗೆ, ಹೊಸ ಸೀರೆ ಉಟ್ಟು ಕನ್ನಡಿಯ ಮುಂದೆ ನಿಂತವಳ ಹಾಗೆ ಹೇಳಿದಳು: "ಮಾಕ್, ದೈವಾನೈ ಬಂದಿದ್ದೀನಿ."

ಪರದೆ ಅಲುಗಲಿಲ್ಲ. ಜಗಲಿಯಲ್ಲಿ ಯಾರೋ ಬಳೆ ಸದ್ದು ಮಾಡಿ ನಿಲ್ಲಿಸಿದರು. ಆ ಹೆಸರು ಕೇಳಿದರೆ ಮಾಕ್ ಯಾರೋ ಬೇರೆಯವರ ಮನೆಯೆಂದು ಮುಂದೆ ಹೋಗಿಬಿಟ್ಟಾಳು ಎನ್ನಿಸಿತು ಪುತೇಗೆ.

"ಇತಾಮ್ ಮಾಕ್," ಎಂದಿತು ಒಳಗಿನ ದನಿ, ಈ ಸಲ ದಿನನಿತ್ಯದ ದನಿ. "ನಿನ್ನ ಇತಾಮ್. ಚಕ್ಕೆ ಕೆರೆದಿಟ್ಟಿದ್ದೀನಿ. ಬಾ." ಮತ್ತೆ ಅದೇ ಉಸಿರಿನಲ್ಲಿ, ಜೋರಾಗಿ, "ಅಲ್ಲೇನು ಹೊಸಿಲ ಮೇಲೆ ಕಂಬದ ಥರ ನಿಂತಿದ್ದೀಯ? ಮಾಕ್ ಬಾಗಿಲಲ್ಲೇ ಇದ್ದಾಳೆ, ನೀನೂ ಅಲ್ಲೇ ನಿಂತ್ರೆ ಅವಳು ಹೆಂಗೆ ಒಳಗೆ ಬರ್ತಾಳೆ? ದಾರಿ ಬಿಡು."

ಪುತೇ ಪರದೆ ಸರಿಸಿ ಒಳಗೆ ಬಂದಳು. ಚಾಪೆಯ ಮೇಲೆ ಇತಾಮ್ ಜರುಗಿ ಜಾಗ ಮಾಡಿದಳು. ಇಬ್ಬರ ಮೊಣಕಾಲು ತಾಗಿದವು.

ಸಾಲಿನ ಕೊನೆಗೆ ಮಾಕ್‌ನ ಎಲೆ. ಅದರ ಪಕ್ಕದಲ್ಲಿ, ಅದರಷ್ಟೇ ಅಗಲದ್ದು ಇನ್ನೊಂದು ಎಲೆ. ಅದರ ಮೇಲೂ ಅನ್ನ, ಸಾರು, ಪಲ್ಯ ಎಲ್ಲವನ್ನೂ ಬಡಿಸಿತ್ತು. ನಡುವೆ, ಮನೆಯಲ್ಲಿದ್ದ ಒಳ್ಳೆಯ ಪಿಂಗಾಣಿ ಬಟ್ಟಲಿನಲ್ಲಿ, ತೌಹ್ವೆ. ಪಾಕ ಬೇರೆ.

"ಮಾಕ್, ನಾನು ಪುತೇ," ಎಂದಳು. ಅಷ್ಟು ಸಾಕಿತ್ತು.

"ಅವಳನ್ನೂ ಕರೆ," ಎಂದಳು ಇತಾಮ್.

"ಅವಳ ಹೆಸರು ಗೊತ್ತಿಲ್ಲ ಕಾಕ್."

"ನಂಗೂ ಗೊತ್ತಿಲ್ಲ. ಆಚಿಮ್ ಅಂತ ಕರೆ. ಬರೋಳು ಬರ್ತಾಳೆ."

"ನನ್ನ ಹೆಸರು? ಪುತೇ ಅಂದ್ರೆ ಅವಳಿಗೇನು ತಿಳಿಯುತ್ತೆ. ಹುಟ್ಟಿದಾಗ ಏನಂತ ಕರೆದಿದ್ದಳೋ..."

"ಅಮೋಯ್ ಅಂತಿದ್ಲಲ್ಲ."

ಪುತೇ ತಟ್ಟನೆ ತಿರುಗಿದಳು. "ನಿನಗೆ ಹೇಗೆ ಗೊತ್ತು? ನೀನು ಬರ್ತಿರಲಿಲ್ಲ."

"ಕರ್ಕೊಂಡು ಹೋಗ್ತಿರಲಿಲ್ಲ. ಬರದೆ ಇರ್ತೀನಾ? ಎಷ್ಟೋ ಸಲ ಹಿಂದಿನಿಂದ ಬಂದು ಮೀನಿನಂಗಡಿ ಕಂಬದ ಮರೇಲಿ ನಿಂತು ನೋಡಿದ್ದೀನಿ."

"ಅಮೋಯ್ ಅನ್ನೋದು ಎಲ್ಲ ಚೀನೀ ಹುಡುಗೀರಿಗೂ ಅನ್ನೋದು ಕಾಕ್. ಅದೇನು ನನ್ನ ಹೆಸರಾ?"

"ಬೇರೆ ಹುಡುಗೀರೂ ಬರ್ತಿದ್ರು ತಿನ್ನೋಕೆ. ಅವರಿಗೆಲ್ಲ ಎಷ್ಟು ಬಟ್ಟಲು ಅಂತ ಕೇಳ್ತಿದ್ಲು, ಅಷ್ಟೇ. ಅಮೋಯ್ ಅಂದದ್ದು ನಿನ್ನೊಬ್ಬಳನ್ನೇ."

ಅದು ನಿಜವೋ, ಆ ಕ್ಷಣಕ್ಕೆ ಇತಾಮ್ ಕಟ್ಟಿದ್ದೋ ಪುತೇಗೆ ತಿಳಿಯಲಿಲ್ಲ. ಮುಖ ನೋಡಿದರೆ ಗೊತ್ತಾಗಬಹುದಿತ್ತು. ನೋಡಲಿಲ್ಲ. ಧೂಪದ ಹೊಗೆ ಎರಡು ಎಲೆಗಳ ನಡುವೆ ಸಣ್ಣಗೆ ಏರುತ್ತಿತ್ತು. ಕಂಬದ ಮರೆಯಲ್ಲಿ ನಿಂತ ಕಪ್ಪು ಹುಡುಗಿ, ಟೋಪಿಯ ನೆರಳಿನ ಮುಖ, ಬೇಡದ್ದನ್ನು ಚೂರುಚೂರೇ ನುಂಗುತ್ತಿದ್ದ ಮಾಕ್. ತಾನು ಪಾಕದ ಬಟ್ಟಲು ನೆಕ್ಕುತ್ತಿದ್ದಾಗ ಸುತ್ತಲೂ ಇಷ್ಟೆಲ್ಲ ನಡೆದಿತ್ತು.

"ಆಚಿಮ್," ಎಂದಳು ಪುತೇ. ಸೈಕಲ್ಲುಗಳ ಮೇಲಿನಿಂದ ಬಂದು ಬೆನ್ನಿಗೆ ಬಿದ್ದಿದ್ದ ಮಾತು ಮೊದಲ ಸಲ ಅವಳದೇ ನಾಲಿಗೆಯ ಮೇಲೆ ಬಂತು. "ಅಮೋಯ್ ಬಂದಿದ್ದೀನಿ. ಊಟ ಮಾಡು."

ಮೂವರೂ ಹೊರಗೆ ಬಂದರು. ಪರದೆಯ ಹಿಂದೆ ಬಾಗಿಲು ಎಳೆದುಕೊಂಡು, ಹಿರಿಯರು ಉಣ್ಣುವಷ್ಟು ಹೊತ್ತು ಮೆಟ್ಟಿಲ ಮೇಲೆ ಕೂತರು. ಆ ಹೊತ್ತಿನಲ್ಲಿ ಯಾರೂ ಮಾತಾಡಬಾರದು. ಪಕ್ಕದ ಮನೆಯಲ್ಲೂ, ಅದರಾಚೆಯ ಮನೆಯಲ್ಲೂ ಜನ ಹೀಗೆಯೇ ಮೆಟ್ಟಿಲ ಮೇಲೆ ಸುಮ್ಮನೆ ಕೂತಿದ್ದರು. ಕೇರಿಯಿಡೀ ಒಂದೇ ಮೌನ. ಮಾರಿಯಮ್ಮನ ಗುಡಿಯ ಕಡೆಯಿಂದ ಬರುವ ಗಾಳಿಗೆ ತೋರಣದ ಎಲೆಗಳಷ್ಟೇ ಸರಸರ ಎನ್ನುತ್ತಿದ್ದವು. ಪಾ ಬುಸು ಸುಮ್ಮನಿರಲಾಗದೆ ಒಮ್ಮೆ ಬಾಯಿ ತೆರೆದ. ಇತಾಮ್ ಕಣ್ಣು ಬಿಟ್ಟದ್ದಕ್ಕೆ ಆಕಳಿಕೆ ಮಾಡಿ ಮುಚ್ಚಿದ.

ಬಾಗಿಲು ತೆರೆದಾಗ ದೀಪ ಉರಿಯುತ್ತಿತ್ತು. ಎಲೆಗಳನ್ನು ಹೊರಗೆ ತಂದು, ಪ್ರಸಾದವೆಂದು ಎಲ್ಲರೂ ಹಂಚಿಕೊಂಡು ಉಂಡರು. ಸಿಗರೇಟು ಪಾ ಬುಸುವಿನ ಪಾಲಾಯಿತು. ಮಾಕ್‌ನ ಚಕ್ಕೆಯನ್ನು ಪುತೇ ಕಟುಂಕಟುಂ ಎಂದು ಕಡಿದಳು. ಸುಟ್ಟ ರುಚಿ, ಉಪ್ಪು, ಕಾಯಿ. ಇದನ್ನು ಅವಳು ಎಂದೂ ತಿಂದಿರಲಿಲ್ಲ.

ಇತಾಮ್ ಪಿಂಗಾಣಿ ಬಟ್ಟಲನ್ನು ತನ್ನ ಕಡೆ ಎಳೆದುಕೊಂಡು, ಪಾಕ ಸುರಿದು, ಒಂದು ಚಮಚ ಬಾಯಿಗಿಟ್ಟಳು. ಮೂಗು ಸೊಟ್ಟಗಾಯಿತು.

"ಥೂ. ಏನೇ ಇದು, ಸೋಪಿನ ನೊರೆ ತಿಂದ ಹಾಗಿದೆ."

"ಹಿಡಿಸದಿದ್ರೆ ಬಿಡು ಕಾಕ್. ನಾನು ತಿಂತೀನಿ."

"ಇರು," ಎಂದಳು ಇತಾಮ್. ಚಮಚದ ತುದಿಯಲ್ಲಿ ಇನ್ನೊಂದು ಚೂರು ಕೆರೆದು, ಪುತೇಯ ಮುಖವನ್ನೇ ನೋಡುತ್ತ, ನಿಧಾನವಾಗಿ ಬಾಯಿಗಿಟ್ಟುಕೊಂಡಳು.